ಅಡಿಕೆ ಸುಲಿಯುವ ಚಪ್ಪರದಲ್ಲಿ ಆಕಾಶ ತೋರಿಸಬೇಕು, ಎಲ್ಲಿಂದ ಶುರು ಮಾಡಲಿ?

ಪ್ರಶ್ನೆ: ಹಳ್ಳಿ ಲೈಬ್ರರಿ, ಹೊಸನಗರ ತಾಲ್ಲೂಕು

ಎಲ್ಲರಿಗೂ ನಮಸ್ಕಾರ. ನಾನು ಒಂದು ಗ್ರಾಮ ಪಂಚಾಯಿತಿಯ ಅರಿವು ಕೇಂದ್ರ, ಅಂದರೆ ಹಳ್ಳಿ ಲೈಬ್ರರಿ, ನೋಡಿಕೊಳ್ಳುತ್ತೇನೆ. ಓದಿದ್ದು ಬಿ.ಎ. ವಿಜ್ಞಾನ ಹತ್ತನೇ ಕ್ಲಾಸಿಗೇ ನಿಂತಿತು. 2023ರ ಆಗಸ್ಟ್ 23ರಂದು ಚಂದ್ರಯಾನ-3 ಇಳಿಯುವುದನ್ನು ನಮ್ಮ ಕೇಂದ್ರದಲ್ಲಿ ಟಿವಿ ಹಾಕಿ ತೋರಿಸಿದ್ದೆ. ಕೂರಲು ಜಾಗ ಇರಲಿಲ್ಲ, ಕಿಟಕಿಯಲ್ಲೂ ಜನ. ಅವತ್ತಿಂದ ಮಕ್ಕಳೂ ದೊಡ್ಡವರೂ ಆಕಾಶದ ಬಗ್ಗೆ ಏನಾದರೂ ಕೇಳುತ್ತಲೇ ಇರುತ್ತಾರೆ.

ಹೋದ ತಿಂಗಳು ಪ್ರೊಜೆಕ್ಟರ್ ತರಿಸಿ ಒಂದು ಕಾರ್ಯಕ್ರಮ ಮಾಡಿದೆ. ಗ್ಯಾಲಕ್ಸಿ, ಕಪ್ಪು ಕುಳಿ, ನಕ್ಷತ್ರ ಸ್ಫೋಟ, ಎಲ್ಲದರ ಚಿತ್ರ ಇತ್ತು. ಜನ ಸುಮ್ಮನೆ ನೋಡಿದರು. ಮುಗಿದ ಮೇಲೆ ನಮ್ಮ ಪಕ್ಕದ ಮನೆಯ ಚಿಕ್ಕಮ್ಮ ಒಬ್ಬರೇ ಮಾತಾಡಿದ್ದು. "ಇದೆಲ್ಲ ನಮ್ಮನೆ ಅಂಗಳದಿಂದ ಕಾಣ್ತದಾ?" ಅಂತ ಕೇಳಿದರು. ನನಗೆ ಉತ್ತರ ಗೊತ್ತಿರಲಿಲ್ಲ. ಆ ಪ್ರಶ್ನೆ ಇನ್ನೂ ತಲೆಯಲ್ಲಿ ಕೂತಿದೆ.

ಈಗ ಅಡಿಕೆ ಗೊನೆ ಕೊಯ್ಲು ನಡೀತಿದೆ. ನಮ್ಮನೆ ಚಪ್ಪರದಲ್ಲಿ ರಾತ್ರಿ ಹತ್ತರವರೆಗೂ ಹದಿನೈದು ಇಪ್ಪತ್ತು ಜನ ಅಡಿಕೆ ಸುಲಿಯುತ್ತಾ ಕೂತಿರುತ್ತಾರೆ. ಹೆಂಗಸರೇ ಜಾಸ್ತಿ. ಮಳೆ ಇಲ್ಲ, ಆಕಾಶ ತಿಳಿಯಾಗಿದೆ. ಅಲ್ಲೇ ಏನಾದರೂ ಮಾಡೋಣ ಅಂತ ಆಸೆ. ಟೆಲಿಸ್ಕೋಪ್ ಬೇಕೇ ಬೇಕಾ? ಯಾವುದರಿಂದ ಶುರು ಮಾಡಬೇಕು? ಗೊತ್ತಿರುವವರು ದಯವಿಟ್ಟು ಹೇಳಿ.

ಉತ್ತರ: ನಿವೃತ್ತ ಮೇಷ್ಟ್ರು, ತೀರ್ಥಹಳ್ಳಿ

ತಂಗಿ, ನಿಮ್ಮ ಚಿಕ್ಕಮ್ಮ ಕೇಳಿದ್ದೇ ಸರಿಯಾದ ಪ್ರಶ್ನೆ. ಅಲ್ಲಿಂದಲೇ ಶುರು ಮಾಡಿ. ಟೆಲಿಸ್ಕೋಪ್ ಮಾತು ಆಮೇಲೆ.

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟವನು. ಬಹಳ ವರ್ಷ ನಾನೂ ನಿಮ್ಮ ಹಾಗೇ ದೊಡ್ಡ ದೊಡ್ಡ ಸಂಖ್ಯೆ ಹೇಳುತ್ತಿದ್ದೆ. ಒಂದು ಚಳಿಗಾಲ ಶಿಷ್ಯನೊಬ್ಬನ ಮನೆಗೆ ಹೋಗಿದ್ದೆ, ಸುಲಿತದ ಹೊತ್ತಿಗೆ. ಅವನ ಅಜ್ಜಿ ಮೆಟ್ಟುಗತ್ತಿ ಮೇಲೆ ಕೂತಿದ್ದರು. ಪೂರ್ವದಲ್ಲಿ ಮರಗಳ ತುದಿ ದಾಟಿ ಕೆಂಪು ನಕ್ಷತ್ರವೊಂದು ಮೇಲೆ ಬಂದಿತ್ತು. "ಅದು ಬೆಟೆಲ್‌ಜ್ಯೂಸ್" ಅಂದೆ. ಅಜ್ಜಿ ತಲೆ ಎತ್ತಲಿಲ್ಲ. "ನಮ್ಮ ಪಂಚಾಂಗದಲ್ಲಿ ಅದೇ ಆರಿದ್ರಾ" ಅಂದೆ. ಕೈ ನಿಂತಿತು. ಅರ್ಧ ಸುಲಿದ ಅಡಿಕೆ ಬೆರಳ ಸಂದಿಯಲ್ಲೇ ಇತ್ತು. "ಮಳೆ ಆರಿದ್ರೆಯಾ? ಅದು ಚುಕ್ಕಿನಾ?" ಅಂದರು.

ಆರಿದ್ರಾ ಮಳೆ ಆರದೆ ಹೊಯ್ಯುತ್ತದೆ ಅಂತ ಹೇಳಿಕೊಂಡೇ ಜೀವನ ಕಳೆದವರು ಅವರು. ಆ ಹೆಸರಿನ ನಕ್ಷತ್ರವನ್ನು ಯಾರೂ ಅವರಿಗೆ ಬೊಟ್ಟು ಮಾಡಿ ತೋರಿಸಿರಲಿಲ್ಲ. ಎದ್ದು ಅಂಗಳಕ್ಕೆ ಬಂದು, ಸೊಂಟಕ್ಕೆ ಕೈ ಕೊಟ್ಟು ನಿಂತು ನೋಡಿದರು. ಆಮೇಲೆ ಕೇಳಿದ್ದು ಇನ್ನೂ ಒಳ್ಳೆಯ ಪ್ರಶ್ನೆ: "ಆ ಮಳೆ ಬರೋದು ನಾಟಿ ಹೊತ್ತಿಗೆ. ಈ ಚುಕ್ಕಿ ಚಳಿಯಲ್ಲಿ ಯಾಕೆ ಕಾಣ್ತದೆ?"

ಇದಕ್ಕೆ ಉತ್ತರ ಹೇಳಿದರೆ ಅರ್ಧ ಖಗೋಳ ಹೇಳಿದ ಹಾಗೆ. ಚಪ್ಪರದ ನಡುವೆ ನೇತಾಡುವ ಬಲ್ಬ್ ಇರುತ್ತಲ್ಲ, ಅದು ಸೂರ್ಯ. ಸುತ್ತ ಕೂತವರು ನಕ್ಷತ್ರಗಳು. ಒಬ್ಬರಿಗೆ ಆರಿದ್ರಾ ಅಂತ, ಇನ್ನೊಬ್ಬರಿಗೆ ಮಘಾ, ಚಿತ್ತಾ ಅಂತ ಹೆಸರಿಡಿ. ಒಂದು ಮಗುವನ್ನು ಭೂಮಿ ಮಾಡಿ ಬಲ್ಬಿನ ಸುತ್ತ ನಡೆಸಿ. ಬಲ್ಬಿಗೆ ಮುಖ ಮಾಡಿದಾಗ ಹಗಲು. ಆಗ ಬಲ್ಬಿನ ಆಚೆ ಕೂತವರು ಯಾರು ಅಂತ ಕೇಳಿ. ಕಣ್ಣು ಕುಕ್ಕುತ್ತದೆ, ಮುಖ ಕಾಣೋದಿಲ್ಲ. ಅವರ ಹೆಸರಿನ ಮಳೆಯೇ ಆಗ ನಡೆಯುತ್ತಿರುವ ಮಳೆ. ಮಗು ಅಲ್ಲೇ ನಿಂತು ಬಲ್ಬಿಗೆ ಬೆನ್ನು ಹಾಕಿದರೆ ರಾತ್ರಿ. ಆಗ ಎದುರಿಗೆ ಕಾಣುವವರೇ ಬೇರೆ. ಅಂದರೆ ಆರಿದ್ರಾ ಮಳೆ ಅಂದರೆ ಸೂರ್ಯ ಆರಿದ್ರೆಯ ದಿಕ್ಕಿನಲ್ಲಿ ಇರುವ ದಿನಗಳು, ಜೂನ್ 21-22ರಿಂದ ಜುಲೈ 5ರ ತನಕ. ಆಗ ಆ ನಕ್ಷತ್ರ ಹಗಲಿಡೀ ನಮ್ಮ ನೆತ್ತಿಯ ಮೇಲೆ ಹಾದುಹೋಗುತ್ತದೆ, ಬೆಳಕಿನಲ್ಲಿ ಕಾಣೋದಿಲ್ಲ ಅಷ್ಟೆ. ಆರು ತಿಂಗಳು ಕಳೆದರೆ ಅದೇ ನಕ್ಷತ್ರ ನಡುರಾತ್ರಿ ನೆತ್ತಿಗೆ ಬರುತ್ತದೆ. ಈಗ ಡಿಸೆಂಬರ್. ರಾತ್ರಿ ಒಂಬತ್ತು ದಾಟಿದ ಮೇಲೆ ಪೂರ್ವಕ್ಕೆ ನೋಡಿ.

ಒಂದು ಮಳೆ ಹದಿಮೂರು ಹದಿನಾಲ್ಕು ದಿನ ಯಾಕೆ ಅನ್ನೋದಕ್ಕೂ ಇಲ್ಲೇ ಉತ್ತರ ಇದೆ. ವರ್ಷದ 365 ದಿನವನ್ನು 27 ನಕ್ಷತ್ರಕ್ಕೆ ಹಂಚಿದರೆ ತಲಾ ಹದಿಮೂರೂವರೆ ದಿನ. ಈ ಲೆಕ್ಕವನ್ನು ಸುಲಿಯುವವರ ಕೈಲೇ ಮಾಡಿಸಿ. ನಾನು ಎಷ್ಟೋ ಕಡೆ ಮಾಡಿಸಿದ್ದೇನೆ. ಉತ್ತರ ಬಂದಾಗ ಅವರ ಮುಖ ನೋಡಬೇಕು.

ಎರಡನೆಯದು ದೂರ. ಸ್ಲೈಡಿನಲ್ಲಿ ಕೋಟಿ ಕಿಲೋಮೀಟರ್ ಅಂದರೆ ಯಾರಿಗೂ ಏನೂ ಅನ್ನಿಸೋದಿಲ್ಲ. ತೋಟಕ್ಕೆ ಕರೆದುಕೊಂಡು ಹೋಗಿ. ಅಡಿಕೆ ಮರದಿಂದ ಮರಕ್ಕೆ ಒಂಬತ್ತು ಅಡಿ ಅಂತರ ಅಂತ ಇಟ್ಟುಕೊಳ್ಳಿ. ತೋಟದ ಬಾಗಿಲಲ್ಲಿ ಒಂದು ಗೇಣು ಅಗಲದ ಸಿಹಿಗುಂಬಳ ಇಡಿ, ಅದು ಸೂರ್ಯ. ಆಗ ಭೂಮಿ ಒಂದು ಸಾಸಿವೆ ಕಾಳು. ಅದನ್ನು ಎಲ್ಲಿಡಬೇಕು ಅಂತ ಕೇಳಿ. ಎಲ್ಲರೂ ಕುಂಬಳದ ಪಕ್ಕದಲ್ಲೇ ಇಡುತ್ತಾರೆ. ನಿಜವಾಗಿ ಅದರ ಜಾಗ ಎಂಟು ಮರ ದಾಟಿ ಒಂಬತ್ತನೇ ಮರದ ಹತ್ತಿರ. ಚಂದ್ರ ಸಾಸಿವೆಯಿಂದ ಮೂರ್ನಾಲ್ಕು ಬೆರಳ ದೂರ, ಒಂದು ರವೆ ಕಾಳಿನಷ್ಟು. ಮನುಷ್ಯ ಇಲ್ಲಿಯವರೆಗೆ ಹೋಗಿರುವುದು ಆ ಬೆರಳಳತೆ ಮಾತ್ರ. ಗುರು ಗ್ರಹಕ್ಕೆ ಒಂದು ಸುಲಿದ ಅಡಿಕೆ ಸಾಕು, ಅಳತೆ ಸರಿಹೋಗುತ್ತದೆ. ಅದನ್ನು ಹಿಡಿದುಕೊಂಡು 45ನೇ ಮರದವರೆಗೆ ನಡೆಯಬೇಕು. ಶನಿ 82ನೇ ಮರದಲ್ಲಿ. ನೆಪ್ಚೂನ್ ಅಂದರೆ ಸುಮಾರು 257 ಮರ, ಅಷ್ಟುದ್ದದ ಸಾಲು ಯಾರ ತೋಟದಲ್ಲೂ ಇರೋದಿಲ್ಲ, ಗುಡ್ಡ ಹತ್ತಬೇಕಾಗುತ್ತದೆ. ಮಕ್ಕಳು ಸುಲಿದ ಅಡಿಕೆ ಹಿಡಿದು 45 ಎಣಿಸಿಕೊಂಡು ಹೋಗಿ, ತಿರುಗಿ ನಿಂತು, ಕುಂಬಳ ಎಲ್ಲಿ ಅಂತ ಹುಡುಕುತ್ತಾರೆ. ಆ ನಿಮಿಷಕ್ಕಾಗಿ ಇಷ್ಟೆಲ್ಲ ಮಾಡೋದು. ಹತ್ತಿರದ ಇನ್ನೊಂದು ನಕ್ಷತ್ರ ಎಷ್ಟನೇ ಮರ ಅಂತ ಯಾರಾದರೂ ಕೇಳೇ ಕೇಳುತ್ತಾರೆ. ಇದೇ ಅಳತೆಯಲ್ಲಿ ಅದು 6,000 ಕಿಲೋಮೀಟರಿಗಿಂತ ಆಚೆ.

ಬಣ್ಣ ಹೇಳೋದಕ್ಕೆ ಅಡಿಕೆ ಬೇಯಿಸುವ ಒಲೆ ಇದೆಯಲ್ಲ. ಆರುತ್ತಾ ಬಂದ ಕೆಂಡ ಕೆಂಪು, ಗಾಳಿ ಊದಿದರೆ ಹಳದಿಗೆ ತಿರುಗುತ್ತದೆ. ಆರಿದ್ರಾ ಕೆಂಪಾಗಿದೆ, ಮೇಲ್ಮೈ ಬಿಸಿ ಸುಮಾರು 3,300 ಡಿಗ್ರಿ. ನಮ್ಮ ಸೂರ್ಯ ಸುಮಾರು 5,500. ಆರಿದ್ರಾ ಇರುವ ನಕ್ಷತ್ರಗಳ ಗುಂಪಿಗೆ ಮಹಾವ್ಯಾಧ (ಓರಾಯನ್) ಅಂತ ಹೆಸರು, ಅದರ ಇನ್ನೊಂದು ತುದಿಯಲ್ಲಿ ನೀಲಿ ಬಿಳುಪಿನ ರೈಜೆಲ್ ಇದೆ, ಅದು 12,000ದ ಹತ್ತಿರ. ನಡುವೆ ಸಾಲಾಗಿ ಮೂರು ನಕ್ಷತ್ರ, ಗುರುತು ಹಿಡಿಯೋದು ಸುಲಭ. ಯಾವುದು ಜಾಸ್ತಿ ಬಿಸಿ ಅಂತ ಕೇಳಿ. ಒಲೆ ಮುಂದೆ ಕೂತವರು ತಪ್ಪು ಹೇಳೋದಿಲ್ಲ. ಆರಿದ್ರೆ ಬಿಸಿ ಕಡಿಮೆ, ಗಾತ್ರ ಮಾತ್ರ ಅಗಾಧ. ಅದನ್ನು ಸೂರ್ಯನ ಜಾಗಕ್ಕೆ ತಂದಿಟ್ಟರೆ ಮಂಗಳನ ದಾರಿಯನ್ನೂ ನುಂಗಿಬಿಡುತ್ತದೆ. 2019ರ ಕೊನೆಯಿಂದ 2020ರ ಫೆಬ್ರವರಿವರೆಗೆ ಅದು ಬರಿಗಣ್ಣಿಗೇ ಗೊತ್ತಾಗುವಷ್ಟು ಮಂಕಾಗಿತ್ತು. ತಾನೇ ಉಗುಳಿದ ಧೂಳು ಅಡ್ಡ ಬಂದಿತ್ತು. ನಾನು ಆಗ ದಿನಾ ರಾತ್ರಿ ರೋಹಿಣಿಯ ಜೊತೆ ಹೋಲಿಸಿ ನೋಡುತ್ತಿದ್ದೆ.

ಜ್ಯೋತಿರ್ವರ್ಷ ಅಂದರೆ ಬೆಳಕು ಒಂದು ವರ್ಷದಲ್ಲಿ ಹೋಗುವ ದೂರ. ಆ ಪದಕ್ಕೆ ವಯಸ್ಸು ಕೇಳಿ ಉತ್ತರ ಕೊಡಿ. ಎಂಟು ವರ್ಷದ ಮಗುವಿಗೆ ಲುಬ್ಧಕ, ಅದರ ಬೆಳಕು ಬರಲು ಎಂಟೂವರೆ ವರ್ಷ ಬೇಕು. ಅರವತ್ತೈದು ಆದವರಿಗೆ ರೋಹಿಣಿ. ನೀವು ಹುಟ್ಟಿದಾಗ ಹೊರಟ ಬೆಳಕು ಈಗ ನಿಮ್ಮ ಕಣ್ಣಿಗೆ ಬಿತ್ತು ಅಂತ ಹೇಳಿ. ಮಘಾ 79 ಜ್ಯೋತಿರ್ವರ್ಷ, ಸ್ವಾತಂತ್ರ್ಯ ಬಂದ ಆಸುಪಾಸಿನಲ್ಲಿ ಹೊರಟದ್ದು. ಇನ್ನು ಕೃತ್ತಿಕೆಯ ಗೊಂಚಲು ಸುಮಾರು 440. ಕೆಳದಿ ಅರಸರು ಇಕ್ಕೇರಿಯಲ್ಲಿ ಕೂತು ಆಳುತ್ತಿದ್ದಾಗ ಹೊರಟ ಬೆಳಕು ಅದು.

ಒಂದು ಎಚ್ಚರಿಕೆ. ಮೊದಲನೇ ದಿನ ಮೂರು ನಕ್ಷತ್ರಕ್ಕಿಂತ ಜಾಸ್ತಿ ತೋರಿಸಬೇಡಿ. ಮತ್ತೆ ಲೈಟು ಆರಿಸಿ ಹದಿನೈದು ಇಪ್ಪತ್ತು ನಿಮಿಷ ಆದರೂ ಆಗಬೇಕು ಕಣ್ಣು ಕತ್ತಲಿಗೆ ಹೊಂದಲು. ಆದ್ದರಿಂದ ಚಹಾ ಕುಡಿಯುವ ಹೊತ್ತು ನೋಡಿಕೊಳ್ಳಿ. ಮೆಟ್ಟುಗತ್ತಿ ಎಲ್ಲ ಮಡಚಿ ಬದಿಗಿಟ್ಟ ಮೇಲೆಯೇ ಲೈಟು ಆರಿಸಿ.

ಉತ್ತರ: ಸಾಗರದವನು, ಈಗ ಬೆಂಗಳೂರಿನಲ್ಲಿ

ಮೇಷ್ಟ್ರು ಹೇಳಿದ ಮೇಲೆ ನಾನು ಹೇಳೋದು ಬರೀ ಸಾಮಾನಿನ ವಿಷಯ.

ಅಕ್ಕ, ಮೊದಲು 10×50 ಬೈನಾಕ್ಯುಲರ್ (ಹತ್ತು ಪಟ್ಟು ದೊಡ್ಡದಾಗಿ ತೋರಿಸುವ, ಮುಂದಿನ ಗಾಜು 50 ಮಿ.ಮೀ. ಅಗಲ ಇರುವಂಥದ್ದು) ತಗೊಳ್ಳಿ. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ "525 ಪಟ್ಟು ದೊಡ್ಡದಾಗಿ ಕಾಣುತ್ತದೆ" ಅಂತ ಡಬ್ಬಿ ಮೇಲೆ ಬರೆದಿದ್ದ ಅಗ್ಗದ ಟೆಲಿಸ್ಕೋಪ್ ತಗೊಂಡು ಊರಿಗೆ ತಂದಿದ್ದೆ. ಸ್ಟ್ಯಾಂಡ್ ಕಡ್ಡಿಯ ಹಾಗೆ. ಮುಟ್ಟಿದರೆ ನಡುಗುತ್ತಿತ್ತು. ಅಪ್ಪ ಕಣ್ಣಿಡುವಷ್ಟರಲ್ಲಿ ಗುರು ಗ್ರಹ ಜಾರಿ ಹೋಗಿರುತ್ತಿತ್ತು. "ಏನೂ ಇಲ್ಲವಲ್ಲೋ" ಅಂದು ಅವರು ಒಳಗೆ ಹೋದರು. ನನಗೆ ತುಂಬಾ ಬೇಜಾರಾಗಿತ್ತು. ಎಷ್ಟು ಪಟ್ಟು ಅನ್ನೋದು ಮುಖ್ಯ ಅಲ್ಲ, ಮುಂದಿನ ಗಾಜಿನ ಅಗಲ ಮತ್ತು ಗಟ್ಟಿ ಸ್ಟ್ಯಾಂಡ್ ಮುಖ್ಯ.

ಬೈನಾಕ್ಯುಲರನ್ನು ಕಂಬಕ್ಕೋ ಏಣಿಗೋ ಒತ್ತಿ ಹಿಡಿದರೆ ಗುರುವಿನ ಪಕ್ಕ ಚಂದ್ರರು ಸಣ್ಣ ಚುಕ್ಕಿಗಳಾಗಿ ಕಾಣುತ್ತಾರೆ. ಗೆಲಿಲಿಯೊ 1610ರ ಜನವರಿಯಲ್ಲಿ ನೋಡಿದ್ದು ಅವೇ ನಾಲ್ಕನ್ನು. ಒಂದು ದಿನ ನೋಡಿ ಬಿಡಬೇಡಿ. ಮಾರನೇ ದಿನವೂ ನೋಡಿಸಿ, ಚುಕ್ಕಿಗಳ ಜಾಗ ಬದಲಾಗಿರುತ್ತದೆ. ಕೃತ್ತಿಕೆಯಂತೂ ಬೈನಾಕ್ಯುಲರಿನಲ್ಲೇ ಚೆಂದ. ಶನಿಯ ಉಂಗುರಕ್ಕೆ ಮಾತ್ರ ಟೆಲಿಸ್ಕೋಪ್ ಬೇಕು.

ಮಲೆನಾಡಿನಲ್ಲಿ ಇಬ್ಬನಿ ದೊಡ್ಡ ಕಾಟ. ಒಂಬತ್ತಾಗುವಷ್ಟರಲ್ಲಿ ಗಾಜೆಲ್ಲ ಮಂಜು. ದಪ್ಪ ರಟ್ಟನ್ನು ಸುರುಳಿ ಮಾಡಿ ಮುಂದಕ್ಕೆ ಒಂದು ಗೇಣು ಚಾಚುವ ಹಾಗೆ ಸಿಕ್ಕಿಸಿ. ಸೆರಗಿನಿಂದ ಒರೆಸಲು ಯಾರಿಗೂ ಬಿಡಬೇಡಿ, ಗಾಜಿಗೆ ಗೀರು ಬೀಳುತ್ತದೆ. ಒಂದು ಕಣ್ಣು ಮುಚ್ಚಲು ಬಾರದವರು ತುಂಬಾ ಜನ ಇರುತ್ತಾರೆ, ವಯಸ್ಸಾದವರಲ್ಲಿ ಜಾಸ್ತಿ. ಟೆಲಿಸ್ಕೋಪ್ ಬಂದ ಮೇಲೆ ನೀವೇ ಪಕ್ಕದಲ್ಲಿ ನಿಂತು ಅವರ ಇನ್ನೊಂದು ಕಣ್ಣಿಗೆ ಅಂಗೈ ಅಡ್ಡ ಹಿಡಿಯಿರಿ.

ಲೈಬ್ರರಿ ಕಂಪ್ಯೂಟರಿಗೆ ಸ್ಟೆಲೇರಿಯಮ್ ಅನ್ನೋ ಆಕಾಶ ತೋರಿಸುವ ಸಾಫ್ಟ್‌ವೇರ್ ಹಾಕಿಕೊಳ್ಳಿ, ದುಡ್ಡು ಕೊಡಬೇಕಿಲ್ಲ. ಜೂನ್ 22ರ ಮಧ್ಯಾಹ್ನ ಅಂತ ದಿನ ಕೊಟ್ಟು, ವಾತಾವರಣವನ್ನು ಆರಿಸಿಬಿಡಿ. ಹಗಲಲ್ಲೇ ನಕ್ಷತ್ರ ಕಾಣುತ್ತವೆ. ಸೂರ್ಯನ ದಕ್ಷಿಣಕ್ಕೆ ಮೇಷ್ಟ್ರ ಆರಿದ್ರಾ ಇರುತ್ತದೆ.

ಇನ್ನೊಂದು. "ಅಲ್ಲಿಗೆ ಹೋಗದೇನೇ ಅಲ್ಲಿ ಏನಿದೆ ಅಂತ ಹೇಗೆ ಗೊತ್ತು?" ಅಂತ ಖಂಡಿತ ಕೇಳುತ್ತಾರೆ. ಹಳೇ ಸಿ.ಡಿ. ಒಂದನ್ನು ಇಟ್ಟುಕೊಂಡಿರಿ. ದೀಪದ ಬೆಳಕು ಅದರ ಮೇಲೆ ಬೀಳಿಸಿ ನೋಡಿದರೆ ಬಣ್ಣಗಳು ಬೇರೆಯಾಗುತ್ತವೆ. ಹಳೇ ಕಾಲದ ತಂತಿ ಬಲ್ಬಿಗೆ ಬಣ್ಣ ಒಂದಕ್ಕೊಂದು ಅಂಟಿಕೊಂಡಿರುತ್ತದೆ. ಸಿ.ಎಫ್.ಎಲ್. ಬಲ್ಬಿಗೆ ಬಿಡಿಬಿಡಿಯಾಗಿ ಕಾಣುತ್ತದೆ, ಯಾಕಂದರೆ ಒಳಗಿರುವ ವಸ್ತುಗಳು ತಮ್ಮದೇ ಬಣ್ಣ ಬಿಡುತ್ತವೆ. ಬೆಳಕೇ ಹೆಸರು ಹೇಳುತ್ತದೆ. 1868ರ ಆಗಸ್ಟ್ 18ರ ಪೂರ್ಣ ಗ್ರಹಣ ನೋಡಲು ವಿಜ್ಞಾನಿಗಳು ಆಂಧ್ರದ ಗುಂಟೂರಿಗೆ ಬಂದಿದ್ದರು. ಆ ವರ್ಷ ಸೂರ್ಯನ ಅಂಚಿನ ಬೆಳಕಿನಲ್ಲಿ ಸಿಕ್ಕ ಒಂದು ಹಳದಿ ಗೆರೆ ಭೂಮಿಯ ಯಾವ ವಸ್ತುವಿಗೂ ಹೊಂದಲಿಲ್ಲ. ಅದು ಹೀಲಿಯಂ. ಭೂಮಿಯ ಮೇಲೆ ಅದು ಕೈಗೆ ಸಿಕ್ಕಿದ್ದು 1895ರಲ್ಲಿ. ಜಾತ್ರೆ ಬಲೂನಿನ ಹೀಲಿಯಂ ಮೊದಲು ಸೂರ್ಯನಲ್ಲಿ ಸಿಕ್ಕಿದ್ದು ಅಂದರೆ ಮಕ್ಕಳು ಮರೆಯೋದಿಲ್ಲ.

ಉತ್ತರ: ಕೊಪ್ಪದಿಂದ ಒಬ್ಬ ಓದುಗ

ಮೇಷ್ಟ್ರೇ, ಒಂದು ಅನುಮಾನ. ಮಳೆ ನಕ್ಷತ್ರ, ಪಂಚಾಂಗ ಅಂತ ಶುರು ಮಾಡಿದರೆ ಜನ ಸೀದಾ ಜಾತಕಕ್ಕೆ ಬಂದುಬಿಡುತ್ತಾರೆ ಅಲ್ವಾ? 2019ರ ಡಿಸೆಂಬರ್ 26ರ ಗ್ರಹಣದ ದಿನ ನಮ್ಮ ಬೀದಿಯಲ್ಲಿ ಒಂದು ಮಗುವನ್ನೂ ಹೊರಗೆ ಬಿಡಲಿಲ್ಲ. ಮಂಗಳೂರಿನವರಿಗೆ ಕಂಕಣ, ಅಂದರೆ ಬಳೆಯ ಹಾಗೆ ಉಳಿದ ಸೂರ್ಯ, ಕಂಡಿತು. ನಮಗೂ ಸೂರ್ಯನ ಹೆಚ್ಚಿನ ಭಾಗ ಮುಚ್ಚಿತ್ತು, ಆದರೆ ಬಾಗಿಲೆಲ್ಲ ಹಾಕಿದ್ದವು. ನನಗೆ ಅದರ ಬೇಸರ ಇನ್ನೂ ಇದೆ.

ಉತ್ತರ: ನಿವೃತ್ತ ಮೇಷ್ಟ್ರು, ತೀರ್ಥಹಳ್ಳಿ

ನಿಮ್ಮ ಬೇಸರ ನನಗೂ ಇದೆ. ಅವತ್ತು ನಾನು ತೋಟದಲ್ಲಿದ್ದೆ. ಬೆಳಿಗ್ಗೆ ಒಂಬತ್ತೂವರೆ ಹೊತ್ತಿಗೆ ಅಡಿಕೆ ಸೋಗೆಯ ಸಂದಿಯಿಂದ ಇಳಿದ ಒಂದೊಂದು ಬಿಸಿಲ ಚುಕ್ಕಿಯೂ ಕುಡುಗೋಲಿನ ಹಾಗೆ ಬಾಗಿತ್ತು. ಒದ್ದೆ ದರಗಿನ ಮೇಲೆ, ನನ್ನ ಪಂಚೆಯ ಮೇಲೆ, ನಾಯಿಯ ಬೆನ್ನಿನ ಮೇಲೆ, ಎಲ್ಲಿ ನೋಡಿದರೂ ಕುಡುಗೋಲು ಸೂರ್ಯ. ತಲೆ ಎತ್ತದೆ, ಕಣ್ಣಿಗೆ ಏನೂ ಅಪಾಯ ಇಲ್ಲದೆ ನೋಡಬಹುದಿತ್ತು. ನಾನು ಹೋಗಿ ಪಕ್ಕದ ಮನೆಯವರನ್ನು ಕರೆದೆ. ಇಬ್ಬರು ಬಂದರು, ಅವರು ಹೋಗಿ ಇನ್ನೂ ನಾಲ್ವರನ್ನು ಕರೆತಂದರು. 2031ರ ಮೇ 21ರಂದು ಕೇರಳ, ತಮಿಳುನಾಡಿನ ಮೇಲೆ ಕಂಕಣ ಗ್ರಹಣ ಇದೆ, ನಮಗೆ ಪಾರ್ಶ್ವ. ಅಷ್ಟರಲ್ಲಿ ಮಕ್ಕಳನ್ನು ಹೊರಗೆ ಕರೆತರಲು ಸಮಯ ಇದೆ.

ಜಾತಕದ ಮಾತು ಬಂದೇ ಬರುತ್ತದೆ. "ನನ್ನ ನಕ್ಷತ್ರ ತೋರಿಸಿ" ಅನ್ನುತ್ತಾರೆ. ನಾನು ತೋರಿಸುತ್ತೇನೆ. ನೀವು ಹುಟ್ಟಿದ ದಿನ ಚಂದ್ರ ಈ ನಕ್ಷತ್ರದ ಹತ್ತಿರ ಇದ್ದ, ಇದು ಅವನ ಅವತ್ತಿನ ವಿಳಾಸ ಅನ್ನುತ್ತೇನೆ. ಅದರಿಂದ ಮದುವೆ, ನೌಕರಿ ತಿಳಿಯುತ್ತದಾ ಅಂದರೆ, ಇಲ್ಲ, ಅದಕ್ಕೆ ಆಧಾರ ಇಲ್ಲ ಅಂತ ನೇರವಾಗಿ ಹೇಳುತ್ತೇನೆ. ಯಾರನ್ನೂ ಹೀಯಾಳಿಸಿಲ್ಲ. ಯಾರೂ ಎದ್ದು ಹೋಗಿಯೂ ಇಲ್ಲ.

ಅದಕ್ಕಿಂತ ಅವರೇ ಅಳೆಯುವ ಹಾಗೆ ಮಾಡಬೇಕು. ಡಿಸೆಂಬರ್ 22ರ ಬೆಳಿಗ್ಗೆ ಅಂಗಳದ ಒಂದೇ ಜಾಗದಲ್ಲಿ ನಿಂತು, ಸೂರ್ಯ ಗುಡ್ಡದ ಯಾವ ಮರದ ಹತ್ತಿರ ಹುಟ್ಟಿದ ಅಂತ ಗುರುತು ಹಾಕಿಕೊಳ್ಳಿ. ಸಂಕ್ರಾಂತಿಯ ದಿನ ಮತ್ತೆ ನೋಡಿ. ಸೂರ್ಯನ ಅಗಲದ ಸುಮಾರು ನಾಲ್ಕರಷ್ಟು ಉತ್ತರಕ್ಕೆ ಆಗಲೇ ಸರಿದಿರುತ್ತಾನೆ. ಅಂದರೆ ಸೂರ್ಯ ತಿರುಗಿದ್ದು ಸಂಕ್ರಾಂತಿಗಲ್ಲ, ಮೂರು ವಾರ ಮೊದಲೇ. ಭೂಮಿ ಬುಗುರಿಯ ಹಾಗೆ ತಲೆ ತಿರುಗಿಸುತ್ತದೆ, ಒಂದು ಸುತ್ತಿಗೆ ಸುಮಾರು 26,000 ವರ್ಷ. ಅದರಿಂದ ಸೂರ್ಯ ತಿರುಗುವ ದಿನಕ್ಕೂ ಸಂಕ್ರಾಂತಿಗೂ ಸುಮಾರು 72 ವರ್ಷಕ್ಕೆ ಒಂದು ದಿನ ವ್ಯತ್ಯಾಸ ಬೀಳುತ್ತಾ ಬಂದಿದೆ. ಇದನ್ನು ಕಣ್ಣಾರೆ ಕಂಡ ಹುಡುಗಿಯೊಬ್ಬಳು ಮನೆಗೆ ಹೋಗಿ ಪಂಚಾಂಗ ಬಿಡಿಸಿ ಲೆಕ್ಕ ಹಾಕಿದಳು. ನಾನು ಹೇಳಿರಲಿಲ್ಲ.

ಉತ್ತರ: ಹಳ್ಳಿ ಲೈಬ್ರರಿ, ಹೊಸನಗರ ತಾಲ್ಲೂಕು

ಮೇಷ್ಟ್ರೇ, ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಭಾನುವಾರ ಮಾಡಿದೆವು.

ಬಲ್ಬಿನ ಆಟ ಮೊದಲು. ಚಿಕ್ಕಮ್ಮನಿಗೆ ಆರಿದ್ರಾ ಅಂತ ಹೆಸರಿಟ್ಟೆ. ನನ್ನ ತಮ್ಮನ ಮಗಳು ಭೂಮಿ. ಅವಳು ಬಲ್ಬಿಗೆ ಮುಖ ಮಾಡಿ ನಿಂತು "ಚಿಕ್ಕಜ್ಜಿ ಕಾಣ್ತಾ ಇಲ್ಲ!" ಅಂತ ಕೂಗಿದಳು. ಅಷ್ಟೇ. ಮುಂದೆ ನಾನು ವಿವರಿಸಬೇಕಾಗಲೇ ಇಲ್ಲ. ಅವರವರೇ ಲೆಕ್ಕ ಹಾಕತೊಡಗಿದರು, ಹಾಗಾದರೆ ಮಘೆ ಯಾವಾಗ ಕಾಣ್ತದೆ, ಚಿತ್ತೆ ಯಾವಾಗ ಅಂತ.

ಒಂಬತ್ತೂಕಾಲಿಗೆ ಚಹಾ ಕೊಟ್ಟು ಲೈಟು ಆರಿಸಿದೆ. ಮೊದಲು ಏನೂ ಕಾಣಲಿಲ್ಲ. ಆಮೇಲೆ ಒಂದೊಂದಾಗಿ ಬರತೊಡಗಿದವು. ಚಿಕ್ಕಮ್ಮ ಆರಿದ್ರೆಯನ್ನು ನೋಡಿ "ಬೇಯಿಸಿದ ಅಡಿಕೆಯ ಚೊಗರಿನ ಬಣ್ಣ" ಅಂದರು. ನನಗೆ ಅಷ್ಟು ಕೆಂಪು ಕಂಡಿರಲಿಲ್ಲ, ಅವರು ಹೇಳಿದ ಮೇಲೆ ಕಂಡಿತು. ಲೈಟು ಹಾಕು ಅಂತ ಅರ್ಧ ಗಂಟೆ ಯಾರೂ ಹೇಳಲಿಲ್ಲ.

ಒಂದು ವಿಷಯಕ್ಕೆ ಮಾತ್ರ ಸೋತೆ. ಎಲ್ಲರೂ ಧ್ರುವ ನಕ್ಷತ್ರ ತೋರಿಸು ಅಂದರು. ಉತ್ತರಕ್ಕೆ ಎಷ್ಟು ನೋಡಿದರೂ ಸಿಗಲಿಲ್ಲ. ನಾನು ದಿಕ್ಕು ತಪ್ಪಿದೆನಾ?

ಉತ್ತರ: ನಿವೃತ್ತ ಮೇಷ್ಟ್ರು, ತೀರ್ಥಹಳ್ಳಿ

ದಿಕ್ಕು ಸರಿಯಾಗೇ ಇರುತ್ತದೆ ತಂಗಿ. ಧ್ರುವ ಎಷ್ಟು ಎತ್ತರದಲ್ಲಿ ಕಾಣುತ್ತದೆ ಅನ್ನೋದು ನಾವು ಭೂಮಿಯ ಮೇಲೆ ಎಲ್ಲಿದ್ದೇವೆ ಅನ್ನೋದರ ಮೇಲೆ ಹೋಗುತ್ತದೆ. ನಮ್ಮ ಕಡೆ ಸುಮಾರು 14 ಡಿಗ್ರಿ. ಕೈ ಚಾಚಿ ಮುಷ್ಟಿ ಹಿಡಿದರೆ ಅದು 10 ಡಿಗ್ರಿ, ಅಂದರೆ ಒಂದೂವರೆ ಮುಷ್ಟಿ ಎತ್ತರ ಅಷ್ಟೆ. ನಿಮ್ಮ ಉತ್ತರಕ್ಕೆ ತೋಟವೋ ಗುಡ್ಡವೋ ಅಡ್ಡ ಇದೆ. ಧ್ರುವ ಅಷ್ಟೇನೂ ಪ್ರಕಾಶದ ನಕ್ಷತ್ರ ಅಲ್ಲ, ಅದನ್ನೂ ಮೊದಲೇ ಹೇಳಿಬಿಡಿ. ಈಗ ಭತ್ತದ ಕೊಯ್ಲು ಮುಗಿದಿದೆಯಲ್ಲ, ಗದ್ದೆ ಬಯಲಿಗೆ ಕರೆದುಕೊಂಡು ಹೋಗಿ. ಬದುವಿನ ಮೇಲೆ ನಿಂತು ಉತ್ತರಕ್ಕೆ ಒಂದೂವರೆ ಮುಷ್ಟಿ ಅಳೆಯಲಿ. ಟಾರ್ಚ್ ಹಿಡಿದುಕೊಂಡೇ ಹೋಗಿ, ಕೂಳೆ ಕಾಲಿಗೆ ಚುಚ್ಚುತ್ತದೆ.